ಮುಂಗಾರಿನ ಅಂದಾಜು ಎಲ್ಲಿಯವರೆಗೆ?

ಮೇ ತಿಂಗಳ ಕೊನೆಯ ವಾರ. ಧಾರವಾಡ, ಗದಗ, ಕಲಬುರಗಿ ಕಡೆಯ ಎರೆ ಹೊಲಗಳಲ್ಲಿ ಹರಗುವ ಕೆಲಸ ಮುಗಿದಿರುತ್ತದೆ. ಬೀಜ, ಗೊಬ್ಬರ ಮನೆ ಸೇರಿರುತ್ತವೆ. ಒಂದು ಸಂಜೆ ಗುಡುಗು ಸಿಡಿಲಿನೊಂದಿಗೆ ಒಂದೆರಡು ತಾಸು ಮಳೆ ಹೊಡೆಯುತ್ತದೆ. ಮರುದಿನ ಹಿಡಿ ಮಣ್ಣು ಎತ್ತಿ ಅಮುಕಿ ನೋಡಿದರೆ ಹದ ಬಂದಿದೆ. ಕೂರಿಗೆ ಹೂಡಿ ಹೆಸರು ಬಿತ್ತಿಬಿಡುವುದೇ, ಇನ್ನೊಂದು ಮಳೆ ನೋಡುವುದೇ? ಬಿತ್ತಿದ ಮೇಲೆ ಹದಿನೈದು ದಿನ ಮಳೆ ಕೈಕೊಟ್ಟರೆ ಮೊಳಕೆ ಒಣಗಿ ಬೀಜದ ದುಡ್ಡು ಮಣ್ಣುಪಾಲಾಗುತ್ತದೆ. ಕಾಯುತ್ತ ಕುಳಿತರೆ ಹದ ಆರಿಹೋಗುತ್ತದೆ, ಹೆಸರಿನ ಹಿಂದೆ ಬರಬೇಕಾದ ಹಿಂಗಾರಿ ಬೆಳೆಯೂ ತಡವಾಗುತ್ತದೆ.

ದೇಶದಲ್ಲಿ ಈ ಸಲ ವಾಡಿಕೆ ಮಳೆ ಎಂದು ಏಪ್ರಿಲ್‌ನಲ್ಲಿ ಹೊರಬೀಳುವ ಮುನ್ಸೂಚನೆ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನಾಳೆ ಗುಡುಗುಸಹಿತ ಮಳೆ ಎಂಬ ಟಿ.ವಿ. ಸುದ್ದಿಯಿಂದಲೂ ಕೆಲಸ ಆಗದು. ರೈತರಿಗೆ ಬೇಕಿರುವುದು ಇವೆರಡರ ನಡುವಿನ, ಮುಂದಿನ ಎರಡರಿಂದ ನಾಲ್ಕು ವಾರಗಳ ಅಂದಾಜು. ಹವಾಮಾನ ವಿಜ್ಞಾನಕ್ಕೆ ಅತಿ ಕಠಿಣವಾದ ಅವಧಿಯೂ ಅದೇ. ಅದು ಯಾಕೆ ಕಠಿಣ ಎಂಬುದಕ್ಕೆ ಕಳೆದ ಅರವತ್ತು ವರ್ಷಗಳ ಗಣಿತ ಉತ್ತರ ಹೇಳಿದೆ. ಆ ಕಷ್ಟವನ್ನು ಹಳೆಯ ದಾಖಲೆಗಳ ರಾಶಿಯಿಂದ ಎಷ್ಟರಮಟ್ಟಿಗೆ ದಾಟಬಹುದು ಎಂಬ ಪ್ರಯೋಗ ಈಗ ನಡೆದಿದೆ.

ಕಾರಣ ಸಣ್ಣದು, ಫಲ ದೊಡ್ಡದು

ಒಂದು ಎಕರೆಗೆ ಒಂದು ಚೀಲ ಗೊಬ್ಬರ ಹಾಕಿದರೆ ಬೆಳೆ ಹೆಚ್ಚುತ್ತದೆ. ಎರಡು ಚೀಲ ಹಾಕಿದರೆ ಇಳುವರಿ ಎರಡರಷ್ಟಾಗುವುದಿಲ್ಲ. ಹತ್ತು ಚೀಲ ಸುರಿದರೆ ಬೆಳೆಯೇ ಸುಟ್ಟುಹೋಗುತ್ತದೆ. ಕಾರಣಕ್ಕೆ ತಕ್ಕ ಅಳತೆಯಲ್ಲಿ ಪರಿಣಾಮ ಬಾರದ ಇಂಥ ವ್ಯವಸ್ಥೆಗಳನ್ನು ಗಣಿತದಲ್ಲಿ ಅರೇಖೀಯ ವ್ಯವಸ್ಥೆಗಳು ಎನ್ನುತ್ತಾರೆ. ಪರಿಸರದಲ್ಲಿ ಕಾಣುವ ಬಹುಪಾಲು ಸಂಗತಿಗಳು ಈ ಜಾತಿಯವು. ಕೆರೆಯಲ್ಲಿ ಪಾಚಿ ಏಳುವುದು, ಕಡಲಿನಲ್ಲಿ ಮೀನಿನ ಸಂತತಿ ಏರಿಳಿಯುವುದು, ಕಾಡಿಗೆ ಬೆಂಕಿ ಹಬ್ಬುವುದು, ಎಲ್ಲವೂ.

ಮುಂಗಾರು ಇವುಗಳ ಪೈಕಿ ದೊಡ್ಡದು. ಸಮುದ್ರದಿಂದ ಎದ್ದ ಆವಿ ಮೇಲೇರಿ ಹನಿಯಾಗುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಒಂದು ಕಿಲೊ ಆವಿಗೆ ಸುಮಾರು 25 ಲಕ್ಷ ಜೂಲ್. ಆ ಶಾಖದಿಂದ ಸುತ್ತಲಿನ ಗಾಳಿ ಹಗುರಾಗಿ ಇನ್ನೂ ಮೇಲೇರುತ್ತದೆ. ತೆರವಾದ ಜಾಗಕ್ಕೆ ಕಡಲ ಕಡೆಯಿಂದ ತೇವದ ಗಾಳಿ ನುಗ್ಗುತ್ತದೆ, ಅದರಿಂದ ಮತ್ತಷ್ಟು ಮಳೆ. ಹೀಗೆ ಮಳೆಯೇ ಮಳೆಯನ್ನು ಎಳೆದುತರುತ್ತದೆ. ಆದರೆ ದಟ್ಟೈಸಿದ ಮೋಡ ಬಿಸಿಲನ್ನು ತಡೆಯುತ್ತದೆ, ನೆಲ ತಣ್ಣಗಾಗುತ್ತದೆ, ಏರುಗಾಳಿಯ ಬಲ ಕುಂದುತ್ತದೆ. ಒಂದು ಪ್ರಕ್ರಿಯೆ ಹುರಿದುಂಬಿಸುತ್ತದೆ, ಇನ್ನೊಂದು ಲಗಾಮು ಹಾಕುತ್ತದೆ. ಈ ಎರಡರ ಜಗ್ಗಾಟದಲ್ಲಿ ಯಾವ ವಾರ ಯಾವುದು ಮೇಲುಗೈ ಎಂಬುದನ್ನು ಕೂಡಿಸಿ ಕಳೆಯುವ ಲೆಕ್ಕದಿಂದ ಹೇಳಲಾಗದು.

ಮೂರು ಅಂಕಿ ಬಿಟ್ಟದ್ದಕ್ಕೆ

ಅಮೆರಿಕದ ಎಂಐಟಿಯಲ್ಲಿ ಹವಾಮಾನ ವಿಜ್ಞಾನಿಯಾಗಿದ್ದ ಎಡ್ವರ್ಡ್ ಲೊರೆಂಜ್ 1961ರ ಚಳಿಗಾಲದಲ್ಲಿ ಹನ್ನೆರಡು ಸಮೀಕರಣಗಳ ಒಂದು ಆಟಿಕೆ ವಾತಾವರಣವನ್ನು ಕಂಪ್ಯೂಟರ್‌ನಲ್ಲಿ ನಡೆಸುತ್ತಿದ್ದರು. ಹಿಂದೆ ಬಂದಿದ್ದ ಒಂದು ಫಲಿತಾಂಶವನ್ನು ಇನ್ನಷ್ಟು ಮುಂದುವರಿಸಿ ನೋಡಬೇಕೆನಿಸಿತು. ಮೊದಲಿನಿಂದ ಶುರುಮಾಡುವ ಬದಲು ಮುದ್ರಿತ ಹಾಳೆಯಲ್ಲಿದ್ದ ನಡುವಿನ ಅಂಕಿಗಳನ್ನೇ ಟೈಪ್ ಮಾಡಿ, ಕಾಫಿಗೆ ಹೋದರು. ಯಂತ್ರದ ಒಳಗೆ 0.506127 ಎಂದಿದ್ದ ಸಂಖ್ಯೆ ಹಾಳೆಯಲ್ಲಿ 0.506 ಎಂದಷ್ಟೇ ಅಚ್ಚಾಗಿತ್ತು. ವಾಪಸ್ ಬಂದು ನೋಡಿದರೆ ಆರಂಭದಲ್ಲಿ ಜೊತೆಜೊತೆಗೆ ಸಾಗಿದ್ದ ಎರಡು ಹವಾಮಾನಗಳು ಬರಬರುತ್ತ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ದೂರವಾಗಿದ್ದವು.

ಅದೇ ವಿಷಯವನ್ನು ಮೂರೇ ಸಮೀಕರಣಗಳಿಗೆ ಇಳಿಸಿ ಅವರು 1963ರಲ್ಲಿ ಪ್ರಕಟಿಸಿದ ಲೇಖನ ಕೇಯಾಸ್ ಸಿದ್ಧಾಂತದ ಬುನಾದಿಗಳಲ್ಲೊಂದು. ಚಿಟ್ಟೆಯ ರೆಕ್ಕೆ ಬಡಿತದಿಂದ ದೂರದಲ್ಲೆಲ್ಲೋ ಸುಂಟರಗಾಳಿ ಏಳುತ್ತದೆ ಎಂಬ ಮಾತು ಅವರ 1972ರ ಒಂದು ಭಾಷಣದ ಶೀರ್ಷಿಕೆಯಿಂದ ಬಂದದ್ದು. ಅಲ್ಲಿ ಅದು ಪ್ರಶ್ನೆಯಾಗಿತ್ತು, ಜನರ ಬಾಯಲ್ಲಿ ಹೇಳಿಕೆಯಾಗಿಬಿಟ್ಟಿದೆ.

ಲೊರೆಂಜ್ ಹೇಳಿದ್ದರಲ್ಲಿ ಅರ್ಧ ಮಾತ್ರ ಪ್ರಸಿದ್ಧವಾಯಿತು. ಸಣ್ಣ ತಪ್ಪು ಬೆಳೆದು ಎಲ್ಲವನ್ನೂ ನುಂಗುತ್ತದೆ ಎಂಬುದು ಆ ಅರ್ಧ. ಇನ್ನರ್ಧ ಅಷ್ಟೇ ಮುಖ್ಯವಾದದ್ದು: ಅವರ ಮೂರು ಸಮೀಕರಣಗಳ ಫಲಿತಾಂಶವನ್ನು ಚಿತ್ರವಾಗಿ ಬಿಡಿಸಿದರೆ ಗೆರೆ ಎಲ್ಲೆಂದರಲ್ಲಿ ಅಲೆಯುವುದಿಲ್ಲ. ಎರಡು ರೆಕ್ಕೆಗಳಂಥ ಆಕಾರದೊಳಗೇ ಸುತ್ತುತ್ತದೆ. ಯಾವ ಹೊತ್ತಿನಲ್ಲಿ ಯಾವ ರೆಕ್ಕೆಯ ಮೇಲಿರುತ್ತದೆ ಎಂದು ಬಹಳ ಮುಂಚಿತವಾಗಿ ಹೇಳಲಾಗದು. ಆ ಆಕಾರ ಬಿಟ್ಟು ಹೊರಗೆ ಹೋಗುವುದಿಲ್ಲ ಎಂದು ಮಾತ್ರ ಖಂಡಿತ ಹೇಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶಕ್ಕೆ ಬೀಳುವ ಸರಾಸರಿ ಮಳೆ ಸುಮಾರು 87 ಸೆಂಟಿಮೀಟರ್. ತೀವ್ರ ಬರದ ವರ್ಷವೂ ಅದು ನಾಲ್ಕನೇ ಒಂದಂಶ ಕುಸಿದರೆ ಅಪರೂಪ. ದಿನದಿನದ ಮಳೆ ಹಿಡಿತಕ್ಕೆ ಸಿಗದಿದ್ದರೂ ಋತುವಿಗೆ ಒಂದು ಅಂಕೆ ಇದೆ.

ದೋಷ ಅರ್ಧವಾದರೆ ಸಿಗುವುದು ಎರಡು ದಿನ

ನಿಜವಾದ ವಾತಾವರಣದಲ್ಲಿ ಮುನ್ಸೂಚನೆಯ ಆರಂಭಿಕ ದೋಷ ಸುಮಾರು ಎರಡು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಇದರ ಅರ್ಥ ಕಠೋರವಾಗಿದೆ. ಹೊಸ ಉಪಗ್ರಹ ಹಾರಿಸಿ, ಬಲೂನುಗಳ ಸಂಖ್ಯೆ ಹೆಚ್ಚಿಸಿ, ಇವತ್ತಿನ ಅಳತೆಯ ದೋಷವನ್ನು ಅರ್ಧಕ್ಕೆ ಇಳಿಸಿದರೂ ಮುನ್ಸೂಚನೆಗೆ ಸಿಗುವ ಲಾಭ ಹೆಚ್ಚುಕಡಿಮೆ ಎರಡೇ ದಿನ. ಮತ್ತೆ ಅರ್ಧ ಮಾಡಿದರೆ ಇನ್ನೆರಡು. ಗುಡುಗು ಮೋಡದಂಥ ಚಿಕ್ಕ ಗಾತ್ರದ ಸಂಗತಿಗಳಲ್ಲಿ ದೋಷ ಇನ್ನೂ ಬೇಗ ಬೆಳೆಯುವುದರಿಂದ ಈ ಲಾಭವೂ ಪೂರ್ತಿ ಕೈಗೆ ಬರುವುದಿಲ್ಲ. ಇಂಥ ದಿನ ಇಂಥ ಊರಿನಲ್ಲಿ ಮಳೆ ಎಂದು ಹೇಳುವ ಸಾಮರ್ಥ್ಯ ಸುಮಾರು ಎರಡು ವಾರಕ್ಕೆ ಮುಗಿಯುತ್ತದೆ ಎಂಬ ಒಪ್ಪಿತ ಅಂದಾಜು ಇಲ್ಲಿಂದ ಹುಟ್ಟಿದ್ದು.

1992ರ ಡಿಸೆಂಬರ್‌ನಿಂದ ಯುರೋಪ್ ಮತ್ತು ಅಮೆರಿಕದ ಮುನ್ಸೂಚನಾ ಕೇಂದ್ರಗಳು ಒಂದೇ ಲೆಕ್ಕದ ಬದಲು ಹಲವು ಲೆಕ್ಕ ಹಾಕತೊಡಗಿದವು. ಇವತ್ತಿನ ಅಳತೆಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹತ್ತಾರು ಬಾರಿ ಮಾದರಿಯನ್ನು ಓಡಿಸುವುದು ಕ್ರಮ. ಐವತ್ತರಲ್ಲಿ ನಲವತ್ತು ಓಟಗಳು ಮಳೆ ಎಂದರೆ ಸಾಧ್ಯತೆ ಶೇ 80. ಮೊಬೈಲ್ ತೆರೆಯ ಮೇಲೆ ಕಾಣುವ ಮಳೆಯ ಶೇಕಡಾ ಲೆಕ್ಕಗಳ ಹಿಂದೆ ಸಾಮಾನ್ಯವಾಗಿ ಇಂಥ ಏರ್ಪಾಟು ಇರುತ್ತದೆ. ಶೇ 80 ಎಂದ ಹತ್ತು ದಿನಗಳಲ್ಲಿ ಎರಡು ದಿನ ಮಳೆ ಬರದಿದ್ದರೆ ಆ ಮುನ್ಸೂಚನೆ ಸರಿಯಾಗಿಯೇ ಇದೆ. ಕೊಡೆ ಹೊತ್ತು ಹೋಗಿ ಬಿಸಿಲಲ್ಲಿ ಬೆವೆತವರಿಗೆ ಇದನ್ನು ಒಪ್ಪಿಸುವುದು ಬೇರೆಯೇ ಕಷ್ಟ.

ಸಾಗರದ ನೆನಪು

ಎರಡು ವಾರಕ್ಕೆ ಎಲ್ಲ ಮುಗಿಯುವುದಾದರೆ ಏಪ್ರಿಲ್‌ನಲ್ಲಿ ಇಡೀ ಮುಂಗಾರಿನ ಮುನ್ಸೂಚನೆ ಕೊಡುವುದು ಹೇಗೆ? ಇದಕ್ಕೆ ತಾತ್ವಿಕ ಉತ್ತರ ಕೊಟ್ಟವರು ಜೂಲ್ ಚಾರ್ನಿ ಮತ್ತು ಭಾರತ ಮೂಲದ ಜಗದೀಶ್ ಶುಕ್ಲಾ. 1981ರ ಅವರ ವಾದ ಸರಳವಾಗಿತ್ತು. ಗಾಳಿ ದಿನಗಳಲ್ಲಿ ಎಲ್ಲ ಮರೆಯುತ್ತದೆ, ಸಾಗರ ತಿಂಗಳುಗಟ್ಟಲೆ ನೆನಪಿಡುತ್ತದೆ. ಉಷ್ಣವಲಯದ ಗಾಳಿಯನ್ನು ಆಳುವುದು ಬಹುಮಟ್ಟಿಗೆ ಕೆಳಗಿನ ಸಮುದ್ರದ ತಾಪ. ಆದ್ದರಿಂದ ದಿನದ ಮಳೆ ಗೊತ್ತಾಗದಿದ್ದರೂ ಋತುವಿನ ಒಟ್ಟು ಮಳೆಯ ಒಲವು ಗೊತ್ತಾಗಬಹುದು.

ಪೆಸಿಫಿಕ್‌ನ ನೀರು ಬಿಸಿಯೇರುವ ಎಲ್ ನಿನೊ ಈ ನೆನಪಿನ ದೊಡ್ಡ ಉದಾಹರಣೆ. ಎರಡರಿಂದ ಏಳು ವರ್ಷಕ್ಕೊಮ್ಮೆ ಬರುವ ಅದು ಭಾರತದ ಮುಂಗಾರನ್ನು ಸಾಮಾನ್ಯವಾಗಿ ಕುಗ್ಗಿಸುತ್ತದೆ. ಸಾಮಾನ್ಯವಾಗಿ ಎಂಬ ಮಾತಿನ ಮೇಲೆ ಒತ್ತು ಬೇಕು. ಕಳೆದ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲೊಂದು ಬಂದ 1997ರಲ್ಲಿ ಮುಂಗಾರು ಸರಾಸರಿಗಿಂತ ತುಸು ಹೆಚ್ಚೇ ಸುರಿಯಿತು. ಹಿಂದೂ ಮಹಾಸಾಗರದ ಪಶ್ಚಿಮ ಮತ್ತು ಪೂರ್ವ ಭಾಗಗಳ ನಡುವಿನ ತಾಪದ ಏರುಪೇರಿಗೂ ಇದರಲ್ಲಿ ಕೈಯಿದೆ ಎಂಬುದು 1999ರ ನಂತರ ಸ್ಪಷ್ಟವಾಯಿತು. ಆ ಸಾಗರದ ಸಮಭಾಜಕದ ಮೇಲಿನ ಮೋಡಗಳ ಓಲಾಟವನ್ನು ಮುಂಗಾರಿಗೆ ಜೋಡಿಸಿ ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು.

ದಿನಕ್ಕೂ ಋತುವಿಗೂ ನಡುವಿನ ವಾರಗಳ ಲೆಕ್ಕಕ್ಕೆ ಕೀಲಿಯಾದ ಶೋಧವೂ ಗಾಡ್ಗೀಳ್ ಅವರ ಪಾಲುದಾರಿಕೆಯದೇ. ಡಿ.ಆರ್. ಸಿಕ್ಕಾ ಅವರೊಂದಿಗೆ ಉಪಗ್ರಹ ಚಿತ್ರಗಳನ್ನು ದಿನದಿನವೂ ಗುರುತು ಹಾಕುತ್ತ ಹೋಗಿ ಅವರು 1980ರಲ್ಲಿ ತೋರಿಸಿದ್ದು ಇದು: ಮಳೆಗಾಲದಲ್ಲಿ ಸಮಭಾಜಕದ ಬಳಿ ಮೋಡಗಳ ಒಂದು ಪಟ್ಟಿ ಹುಟ್ಟಿ ಉತ್ತರಕ್ಕೆ ಸರಿಯುತ್ತದೆ, ಭೂಭಾಗದ ಮೇಲಿದ್ದ ಹಳೆಯ ಪಟ್ಟಿ ಸೊರಗುತ್ತದೆ, ಕೆಲವು ವಾರಗಳ ಬಳಿಕ ಮತ್ತೊಂದು ಬರುತ್ತದೆ. ಮಳೆಯ ಬಿರುಸು ಮತ್ತು ಬಿಡುವು ಈ ಸರದಿಗೆ ತಕ್ಕಂತೆ ನಡೆಯುತ್ತವೆ. 2023ರ ಆಗಸ್ಟ್‌ನಲ್ಲಿ ದೇಶಕ್ಕೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆ ಮಳೆಯಾಯಿತು. 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಇಡೀ ಋತುವಿನ ಕೊರತೆ ಮಾತ್ರ ಶೇ 6ರಷ್ಟೇ. ಕಾಳು ಕಟ್ಟುವ ಹೊತ್ತಿಗೆ ನೀರಿಲ್ಲದ ಪೈರಿಗೆ ಋತುವಿನ ಸರಾಸರಿಯಿಂದ ಏನೂ ಪ್ರಯೋಜನವಾಗಲಿಲ್ಲ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ಅಂಕಿಗಳಲ್ಲಿ ಜೋಡಿ ಹುಡುಕಿದವರು

ಹಳೆಯ ಅನುಭವದಿಂದ ಮುಂದಿನದನ್ನು ಊಹಿಸುವುದು ಹೊಸ ಉಪಾಯವಲ್ಲ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನಗಳ ಕಂತುಗಳಲ್ಲಿ ಮಳೆಗಾಲವನ್ನು ಹಂಚಿ, ಯಾವ ಮಳೆಗೆ ಯಾವ ಬೀಜ ಎಂದು ಗೊತ್ತುಮಾಡಿಕೊಂಡ ಕ್ರಮವೂ ಶತಮಾನಗಳ ದತ್ತಾಂಶದಿಂದ ಹುಟ್ಟಿದ ಮಾದರಿಯೇ. ಸರಾಸರಿ ವರ್ಷವನ್ನು ಅದು ಚೆನ್ನಾಗಿ ಹೇಳುತ್ತದೆ. ಸೂರ್ಯ ಪ್ರತಿವರ್ಷ ಅದೇ ದಿನಗಳಲ್ಲಿ ಅದೇ ನಕ್ಷತ್ರಗಳಲ್ಲಿ ಇರುವುದರಿಂದ ಈ ವರ್ಷ ಕಳೆದ ವರ್ಷದಂತಿಲ್ಲ ಎಂಬುದನ್ನು ಹೇಳಲು ಅದರಲ್ಲಿ ದಾರಿಯಿಲ್ಲ.

ಸರ್ಕಾರಿ ಮುನ್ಸೂಚನೆಗೆ ಬರ ಪ್ರೇರಣೆಯಾಯಿತು. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನವೂ ಸೇರಿ ದಕ್ಷಿಣ ಭಾರತ ಭೀಕರ ಕ್ಷಾಮಕ್ಕೆ ತುತ್ತಾಯಿತು. 1875ರಲ್ಲಿ ಹುಟ್ಟಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಸಂಬಂಧ ಕಂಡು, 1886ರಲ್ಲಿ ಋತುವಿನ ಮೊದಲ ಅಧಿಕೃತ ಮುನ್ಸೂಚನೆ ಹೊರಡಿಸಿದರು.

1904ರಲ್ಲಿ ಆ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಹವಾಮಾನ ಓದಿದವರಲ್ಲ, ಕೇಂಬ್ರಿಜ್‌ನ ಗಣಿತಜ್ಞ. ಬೂಮರಾಂಗ್ ಎಸೆಯುವುದರಲ್ಲಿ ಪಳಗಿದ್ದರು, ಅದರ ಹಾರಾಟದ ಗಣಿತವನ್ನೂ ಬರೆದಿದ್ದರು. ವಾತಾವರಣದ ಭೌತಶಾಸ್ತ್ರ ಇನ್ನೂ ಬಲಿಯದ ಕಾಲದಲ್ಲಿ ಅವರು ಹಿಡಿದದ್ದು ಶುದ್ಧ ಅಂಕಿಗಳ ದಾರಿ. ಜಗತ್ತಿನ ಹತ್ತಾರು ಊರುಗಳ ವಾಯುಭಾರ, ತಾಪ, ಮಳೆಯ ದಾಖಲೆ ತರಿಸಿ, ಭಾರತೀಯ ಗುಮಾಸ್ತರ ತಂಡದಿಂದ ಕೈಲೆಕ್ಕ ಮಾಡಿಸಿ, ಯಾವುದರ ಏರಿಳಿತ ಮುಂಗಾರಿಗೆ ಹೊಂದುತ್ತದೆ ಎಂದು ಹುಡುಕಿದರು. ಮುಂಗಾರಿಗೆ ಭದ್ರವಾದ ಸೂತ್ರ ಕೊನೆಗೂ ಸಿಗಲಿಲ್ಲ. ಪೆಸಿಫಿಕ್‌ನ ಒಂದು ಬದಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವ ದೈತ್ಯ ತೂಗಾಟ ಮಾತ್ರ ಅವರ ಕಣ್ಣಿಗೆ ಬಿತ್ತು. ಎಲ್ ನಿನೊದ ವಾತಾವರಣದ ಮುಖ ಅದೇ ಎಂದು ಜೇಕಬ್ ಬ್ಯರ್ಕ್ನೆಸ್ ವಿವರಿಸಿದ್ದು 1969ರಲ್ಲಿ. ಈಗಿನ ದತ್ತಾಂಶ ಆಧಾರಿತ ಮಾದರಿಗಳನ್ನು ಹೊಸ ಅವತಾರವೆಂದು ಬಣ್ಣಿಸುವವರು ಇಲಾಖೆಯ ಶಿಮ್ಲಾ ಕಚೇರಿಯಲ್ಲಿ ನಡೆದ ಆ ಕೈಲೆಕ್ಕವನ್ನು ಮರೆಯುತ್ತಾರೆ.

2002ರ ಜುಲೈ

ವಾಕರ್ ದಾರಿಯ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಂಡದ್ದು ಒಂದು ಶತಮಾನದ ಬಳಿಕ. 1988ರಲ್ಲಿ ವಸಂತ ಗೋವಾರಿಕರ್ ನೇತೃತ್ವದಲ್ಲಿ ಹದಿನಾರು ಅಂಶಗಳ ಮಾದರಿ ಬಳಕೆಗೆ ಬಂತು. ಯುರೇಷ್ಯಾದ ಹಿಮ, ಎಲ್ ನಿನೊ, ಮೇಲ್ಮಟ್ಟದ ಗಾಳಿ ಹೀಗೆ ಹದಿನಾರು. ಒಂದು ದಶಕಕ್ಕೂ ಹೆಚ್ಚು ಕಾಲ ಮುಂಗಾರು ಸಾಮಾನ್ಯವಾಗಿಯೇ ಬಂತು, ಮುನ್ಸೂಚನೆಯೂ ಹಾಗೆಯೇ ಇತ್ತು, ಮಾದರಿಗೆ ಒಳ್ಳೆಯ ಹೆಸರು ಬಂತು. 2002ರಲ್ಲೂ ಸಾಮಾನ್ಯ ಮಳೆ ಎಂದೇ ಮುನ್ಸೂಚನೆ ಹೊರಬಿತ್ತು. ಜುಲೈನಲ್ಲಿ ಮಳೆ ಅರ್ಧಕ್ಕಿಂತ ಕೆಳಗಿಳಿಯಿತು. ಋತುವಿನ ಒಟ್ಟು ಕೊರತೆ ಶೇ 19. ಬಿತ್ತನೆಯ ತಿಂಗಳಲ್ಲೇ ಬರ. ಮರುವರ್ಷವೇ ಮಾದರಿಯನ್ನು ಬದಲಿಸಲಾಯಿತು.

ಎಲ್ಲಿ ತಪ್ಪಿತು? ಹದಿನಾರು ಅಂಶಗಳಿಗೂ ಮುಂಗಾರಿಗೂ ಹಿಂದಿನ ದಶಕಗಳಲ್ಲಿದ್ದ ನಂಟು ಮುಂದೆಯೂ ಹಾಗೆಯೇ ಇರುತ್ತದೆ ಎಂಬುದು ಮಾದರಿಯ ಅಡಿಪಾಯ. ಅರೇಖೀಯ ವ್ಯವಸ್ಥೆಯಲ್ಲಿ ಅಂಥ ಭರವಸೆ ಇಲ್ಲ. ಲೊರೆಂಜ್ ಚಿತ್ರದ ಒಂದು ರೆಕ್ಕೆಯ ಮೇಲಿರುವಾಗ ಎರಡು ಸಂಖ್ಯೆಗಳು ಒಟ್ಟಿಗೆ ಏರಬಹುದು, ಇನ್ನೊಂದು ರೆಕ್ಕೆಗೆ ದಾಟಿದೊಡನೆ ಒಂದು ಏರಿ ಇನ್ನೊಂದು ಇಳಿಯಬಹುದು. ಎಲ್ ನಿನೊ ಮತ್ತು ಮುಂಗಾರಿನ ನಂಟು ದಶಕದಿಂದ ದಶಕಕ್ಕೆ ಬಿಗಿಯಾಗಿ, ಸಡಿಲವಾಗಿ ಬದಲಾಗುತ್ತದೆ ಎಂದು 1999ರಲ್ಲೇ ಕೃಷ್ಣಕುಮಾರ್ ಮತ್ತು ಸಂಗಡಿಗರು ಎಚ್ಚರಿಸಿದ್ದರು. ಇದಲ್ಲದೆ ಇನ್ನೊಂದು ತೊಡಕಿದೆ. ನೂರು ವರ್ಷದ ದಾಖಲೆ ಎಂದರೆ ನೂರೇ ಮುಂಗಾರುಗಳು. ನೂರು ಉದಾಹರಣೆಗಳಿಗೆ ನೂರಾರು ಸಂಭಾವ್ಯ ಕಾರಣಗಳನ್ನು ಹೊಂದಿಸಿ ನೋಡಿದರೆ ಕೆಲವು ಬರೀ ಆಕಸ್ಮಿಕವಾಗಿಯೇ ಚೆನ್ನಾಗಿ ಹೊಂದುತ್ತವೆ.

ಇದೇ ಬಲೆಗೆ ಮೀನುಗಾರಿಕೆಯ ವಿಜ್ಞಾನವೂ ಬಿದ್ದಿತ್ತು. ಕ್ಯಾಲಿಫೋರ್ನಿಯದ ಕಡಲಲ್ಲಿ ಸಾರ್ಡೀನ್ ಕಡಿಮೆಯಾದಾಗ ಆಂಚೊವಿ ಹೆಚ್ಚಾಯಿತು. ಒಂದು ಇನ್ನೊಂದನ್ನು ಒತ್ತರಿಸಿತು ಎಂದು ಹಲವರು ನಂಬಿದ್ದರು. ಡಚ್ ಗಣಿತಜ್ಞ ಫ್ಲೋರಿಸ್ ಟಾಕೆನ್ಸ್ 1981ರಲ್ಲಿ ತೋರಿಸಿದ್ದ ಒಂದು ಪ್ರಮೇಯದ ಪ್ರಕಾರ, ಕೇಯಾಸ್ ಇರುವ ವ್ಯವಸ್ಥೆಯ ಒಂದೇ ಅಳತೆಯ ಹಳೆಯ ಬೆಲೆಗಳನ್ನು ಸಾಲಾಗಿ ಜೋಡಿಸಿದರೆ ಇಡೀ ವ್ಯವಸ್ಥೆಯ ಆಕಾರವನ್ನು ಮತ್ತೆ ಕಟ್ಟಬಹುದು. ಈ ಉಪಾಯವನ್ನು ಬೆಳೆಸಿದ ಜಾರ್ಜ್ ಸುಗಿಹಾರ ಮತ್ತು ಸಂಗಡಿಗರು 2012ರಲ್ಲಿ ಆ ಎರಡು ಮೀನುಗಳ ನಡುವೆ ನೇರ ಸಂಬಂಧದ ಕುರುಹಿಲ್ಲ, ಎರಡನ್ನೂ ನಡೆಸುತ್ತಿರುವುದು ಸಮುದ್ರದ ತಾಪ ಎಂದು ತೋರಿಸಿದರು. ಜೊತೆಗೆ ಏರಿಳಿಯುವುದನ್ನು ಕಾರಣವೆಂದು ತಿಳಿಯುವ ಹಳೆಯ ಅಭ್ಯಾಸಕ್ಕೆ ಇದು ಒಳ್ಳೆಯ ಮದ್ದು.

ಇವತ್ತಿನಂಥ ದಿನ ಹಿಂದೆ ಬಂದಿತ್ತೇ?

ಇವತ್ತಿನ ವಾತಾವರಣವನ್ನು ಪೂರ್ತಿ ಹೋಲುವ ಹಳೆಯ ದಿನವೊಂದನ್ನು ದಾಖಲೆಯಲ್ಲಿ ಹುಡುಕಿ, ಅದರ ಮರುದಿನ ಏನಾಯಿತೆಂದು ನೋಡಿದರೆ ಸಾಕಲ್ಲವೇ? ಲೊರೆಂಜ್ ಅವರೇ 1969ರಲ್ಲಿ ಐದು ವರ್ಷಗಳ ದಾಖಲೆ ಹಿಡಿದು ಹುಡುಕಿದರು. ಹತ್ತಿರದ ಹೋಲಿಕೆ ಒಂದೂ ಸಿಗಲಿಲ್ಲ. ಅರ್ಧ ಭೂಗೋಳಕ್ಕೆ ಒಳ್ಳೆಯ ಜೋಡಿ ಸಿಗಲು ಎಷ್ಟು ಕಾಲ ಕಾಯಬೇಕೆಂದು 1994ರಲ್ಲಿ ಹೂಗ್ ವಾನ್ ಡೆನ್ ಡೂಲ್ ಲೆಕ್ಕ ಹಾಕಿದಾಗ ಬಂದ ಉತ್ತರ 1ರ ಮುಂದೆ 30 ಸೊನ್ನೆಗಳಷ್ಟು ವರ್ಷ. ವಿಶ್ವದ ವಯಸ್ಸು ಇದರೆದುರು ಲೆಕ್ಕಕ್ಕೇ ಇಲ್ಲ.

ಹೀಗಿರುವಾಗ 2023ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಗ್ರಾಫ್‌ಕಾಸ್ಟ್ ಮತ್ತು ಹುವಾವೆಯ ಪಾಂಗು ಎಂಬ ಮಾದರಿಗಳು ಸುಮಾರು ನಾಲ್ಕು ದಶಕಗಳ ದಾಖಲೆಯಷ್ಟರಿಂದಲೇ ಕಲಿತು, ಭೌತಶಾಸ್ತ್ರದ ಸಮೀಕರಣಗಳನ್ನು ಬಿಡಿಸುವ ಮಾದರಿಗಳಿಗೆ ಹಲವು ಅಳತೆಗಳಲ್ಲಿ ಸಮನಾಗಿ, ಕೆಲವೆಡೆ ಮೇಲಾಗಿ ನಿಂತದ್ದು ಹೇಗೆ? ಅವು ಇಡೀ ದಿನದ ಜೋಡಿಯನ್ನು ಹುಡುಕುವುದಿಲ್ಲ. ಗ್ರಾಫ್‌ಕಾಸ್ಟ್ ಭೂಮಿಯನ್ನು ಹತ್ತು ಲಕ್ಷಕ್ಕೂ ಹೆಚ್ಚು ಬಿಂದುಗಳಾಗಿ ಹಂಚುತ್ತದೆ. ಈಗಿನ ಸ್ಥಿತಿ ಮತ್ತು ಆರು ಗಂಟೆ ಹಿಂದಿನ ಸ್ಥಿತಿಯನ್ನು ನೋಡಿ ಮುಂದಿನ ಆರು ಗಂಟೆಯದನ್ನು ಊಹಿಸುತ್ತದೆ. ಆ ಊಹೆಯ ಮೇಲೆ ನಿಂತು ಅದರ ಮುಂದಿನದನ್ನು. ಇಡೀ ಭೂಮಿಯ ನಕ್ಷೆ ಮತ್ತೆ ಬಾರದಿದ್ದರೂ ಅರಬ್ಬೀ ಸಮುದ್ರದ ತುಣುಕೊಂದರಲ್ಲಿ ತೇವದ ಗಾಳಿ ಏರುವ ರೀತಿ ಸಾವಿರಾರು ಬಾರಿ ಮರುಕಳಿಸಿರುತ್ತದೆ. ವಾಕರ್ ಕೈಯಲ್ಲಿದ್ದದ್ದು ವರ್ಷಕ್ಕೊಂದು ಉದಾಹರಣೆ. ಇವುಗಳ ಕೈಯಲ್ಲಿರುವುದು ವರ್ಷಕ್ಕೆ ಕೋಟಿಗಟ್ಟಲೆ. ಕಲಿಕೆ ಮುಗಿದ ಮೇಲೆ ಹತ್ತು ದಿನದ ಮುನ್ಸೂಚನೆಗೆ ಒಂದು ನಿಮಿಷವೂ ಬೇಡ.

ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ತನ್ನದೇ ಇಂಥ ಮಾದರಿ ಎಐಎಫ್‌ಎಸ್ ಅನ್ನು 2025ರ ಫೆಬ್ರುವರಿಯಿಂದ ದೈನಂದಿನ ಬಳಕೆಗೆ ತಂದಿದೆ. ಭಾರತದಲ್ಲಿ ಸಮೀಕರಣಗಳ ದಾರಿಯೂ ಗಟ್ಟಿಯಾಗುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ, 6 ಕಿಲೊಮೀಟರ್ ಜಾಲದ ಭಾರತ್ ಮುನ್ಸೂಚನಾ ವ್ಯವಸ್ಥೆ 2025ರ ಮೇನಲ್ಲಿ ಜಾರಿಗೆ ಬಂತು.

ಯಂತ್ರ ಎಡವುವ ಜಾಗ

ಈ ಮಾದರಿಗಳ ಬಗ್ಗೆ ಉತ್ಸಾಹ ಎಷ್ಟಿದೆಯೋ ಅಷ್ಟೇ ಅನುಮಾನವೂ ಬೇಕು. ತಪ್ಪಿಗೆ ದಂಡ ವಿಧಿಸುತ್ತ ಕಲಿಸಿದ ಯಂತ್ರ ಸಂದೇಹ ಬಂದಾಗ ನಡುವಿನ ದಾರಿ ಹಿಡಿಯುತ್ತದೆ. 20 ಸೆಂಟಿಮೀಟರ್ ಮಳೆ ಆಗುಂಬೆಯಲ್ಲೋ ಹುಲಿಕಲ್‌ನಲ್ಲೋ ಎಂದು ಖಚಿತವಿಲ್ಲದಿದ್ದರೆ ಎರಡು ಕಡೆಗೂ ಸ್ವಲ್ಪ ಸ್ವಲ್ಪ ಹಂಚಿಬಿಡುತ್ತದೆ. ಸರಾಸರಿ ಅಂಕ ಚೆನ್ನಾಗಿ ಬರುತ್ತದೆ, ಪ್ರವಾಹ ತರುವ ಮಳೆ ಮಾತ್ರ ತಪ್ಪಿಹೋಗುತ್ತದೆ.

2023ರಲ್ಲಿ ಜರ್ಮನಿಯ ಸೆಲ್ಜ್ ಮತ್ತು ಕ್ರೇಗ್ ಪಾಂಗು ಮಾದರಿಗೆ ಲೊರೆಂಜ್ ಪರೀಕ್ಷೆಯನ್ನೇ ಕೊಟ್ಟರು. ಆರಂಭದ ಸ್ಥಿತಿಯಲ್ಲಿ ಅತಿ ಸಣ್ಣ ವ್ಯತ್ಯಾಸ ಮಾಡಿ ನೋಡಿದರೆ, ನಿಜ ವಾತಾವರಣದಲ್ಲಿ ಆಗಬೇಕಾದಂತೆ ಅದು ಧಿಗ್ಗನೆ ಬೆಳೆಯಲಿಲ್ಲ. ಯಂತ್ರ ಕಲಿತ ಜಗತ್ತಿನಲ್ಲಿ ಚಿಟ್ಟೆಗೆ ರೆಕ್ಕೆಯೇ ಇರಲಿಲ್ಲ. ಇದು ಬರೀ ತಾತ್ವಿಕ ಕುತೂಹಲದ ಮಾತಲ್ಲ. ಸಾಧ್ಯತೆಯ ಶೇಕಡಾ ಲೆಕ್ಕ ನಿಂತಿರುವುದೇ ಸಣ್ಣ ವ್ಯತ್ಯಾಸಗಳು ಎಷ್ಟು ಬೇಗ ಬೆಳೆಯುತ್ತವೆ ಎಂಬುದರ ಮೇಲೆ. ಅದನ್ನು ಕಡಿಮೆ ಅಂದಾಜು ಮಾಡಿದರೆ ಮುನ್ಸೂಚನೆಗೆ ಇರಬಾರದಷ್ಟು ಆತ್ಮವಿಶ್ವಾಸ ಬರುತ್ತದೆ.

ಇನ್ನೂ ಆಳದ ಪ್ರಶ್ನೆ, ಹಿಂದೆಂದೂ ಆಗದ್ದು ಆದರೆ ಏನು ಎಂಬುದು. ಕಲಿಕೆಯ ದಾಖಲೆಯಿಂದ ಅತಿ ಪ್ರಬಲ ಚಂಡಮಾರುತಗಳನ್ನೆಲ್ಲ ತೆಗೆದುಹಾಕಿ ಮಾದರಿಯೊಂದಕ್ಕೆ ಪಾಠ ಹೇಳಿದ ಪ್ರಯೋಗವೊಂದು 2025ರಲ್ಲಿ ಪ್ರಕಟವಾಯಿತು. ನಿಜವಾದ ಪ್ರಬಲ ಚಂಡಮಾರುತ ಎದುರಾದಾಗ ಮಾದರಿ ಅದನ್ನು ಪ್ರತಿಸಲವೂ ಸಾಧಾರಣವೆಂದೇ ಹೇಳಿತು. ಒಂದು ಸಾಗರದ ಪ್ರಬಲ ಚಂಡಮಾರುತಗಳನ್ನು ಕಲಿತಿದ್ದರೆ ಇನ್ನೊಂದು ಸಾಗರದವನ್ನು ಗುರುತಿಸಬಲ್ಲದು ಎಂಬುದು ಅದೇ ಪ್ರಯೋಗದ ಸಮಾಧಾನದ ಭಾಗ.

ಮುಂಗಾರಿನ ಮಟ್ಟಿಗೆ ಇದು ನಾಳಿನ ಚಿಂತೆಯಾಗಿ ಉಳಿದಿಲ್ಲ. ತಾಪ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಡಬಲ್ಲ ಆವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ ಎಂದು ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರ 2017ರ ಅಧ್ಯಯನ ಹೇಳಿತು. ಲೊರೆಂಜ್ ಚಿತ್ರದ ಭಾಷೆಯಲ್ಲಿ ಹೇಳುವುದಾದರೆ ರೆಕ್ಕೆಗಳ ಆಕಾರವೇ ಬದಲಾಗುತ್ತಿದೆ, ಯಂತ್ರದ ಬಳಿ ಇರುವುದು ಹಳೆಯ ಆಕಾರದ ಚಿತ್ರ. ದೊಡ್ಡ ಗಾಳಿಯ ಚಲನೆಗೆ ಭೌತಶಾಸ್ತ್ರದ ಸಮೀಕರಣಗಳನ್ನೇ ಇಟ್ಟುಕೊಂಡು, ಮೋಡದಂಥ ಚಿಕ್ಕ ಸಂಗತಿಗಳನ್ನಷ್ಟೇ ದತ್ತಾಂಶದಿಂದ ಕಲಿಯುವ ಮಿಶ್ರ ಮಾದರಿಗಳತ್ತ ಹಲವರು ಹೊರಳಿರುವುದಕ್ಕೆ ಇದು ಒಂದು ಕಾರಣ. 2024ರಲ್ಲಿ ಪ್ರಕಟವಾದ ನ್ಯೂರಲ್‌ಜಿಸಿಎಂ ಈ ಬಗೆಯದು.

ಹೊಸ್ತಿಲು ದಾಟುವ ದಿನ

ಮುಂಗಾರಿನ ಆಗಮನ ನಿಧಾನವಾಗಿ ಏರುವ ಇಳಿಜಾರಲ್ಲ. ಒಣ ಸ್ಥಿತಿಯಿಂದ ತೇವದ ಸ್ಥಿತಿಗೆ ಕೆಲವೇ ದಿನಗಳಲ್ಲಿ ಆಗುವ ಜಿಗಿತ. ಅರೇಖೀಯ ವ್ಯವಸ್ಥೆಗಳು ಇಂಥ ಹೊಸ್ತಿಲ ಬಳಿ ಬಂದಾಗ ಅವುಗಳ ಏರುಪೇರು ಹೆಚ್ಚುತ್ತದೆ. ಜರ್ಮನಿಯ ಪಾಟ್ಸ್‌ಡ್ಯಾಮ್ ಹವಾಮಾನ ಸಂಸ್ಥೆಯ ಎಲೆನಾ ಸುರೋವ್ಯಾತ್ಕಿನಾ ಮತ್ತು ಸಂಗಡಿಗರು 2016ರಲ್ಲಿ ಈ ಗುಣವನ್ನೇ ಬಳಸಿದರು. ಪೂರ್ವಘಟ್ಟದ ಸೀಮೆ ಮತ್ತು ಉತ್ತರ ಪಾಕಿಸ್ತಾನದ ತಾಪ, ತೇವಾಂಶಗಳನ್ನು ಜೊತೆಯಾಗಿ ಗಮನಿಸಿದರೆ ಪೂರ್ವಘಟ್ಟದ ನಡುಭಾಗಕ್ಕೆ ಮುಂಗಾರು ಬರುವ ದಿನವನ್ನು ಸುಮಾರು 40 ದಿನ ಮೊದಲೇ ಅಂದಾಜಿಸಬಹುದು ಎಂದು ಅವರು ತೋರಿಸಿದರು. ದಿನದಿನದ ಮಳೆಯ ಗೊಡವೆಗೆ ಹೋಗದೆ, ಹೊಸ್ತಿಲು ದಾಟುವುದೊಂದನ್ನೇ ಗುರಿಯಿಟ್ಟದ್ದು ಈ ವಿಧಾನದ ಜಾಣ್ಮೆ.

2025ರ ಮುಂಗಾರು ಕೇರಳಕ್ಕೆ ವಾಡಿಕೆಯ ಜೂನ್ 1ರ ಬದಲು ಮೇ 24ಕ್ಕೇ ಬಂತು. ಕರ್ನಾಟಕವನ್ನು ತೋಯಿಸಿ, ಮುಂಬೈ ಮುಟ್ಟಿ, ತಿಂಗಳ ಕೊನೆಗೆ ನಿಂತುಬಿಟ್ಟಿತು. ಮುಂದಕ್ಕೆ ಹೆಜ್ಜೆಯಿಟ್ಟದ್ದು ಜೂನ್ ಮಧ್ಯದಲ್ಲಿ. ಆ ವರ್ಷ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ತಮ್ಮ ಸೀಮೆಗೆ ಮುಂಗಾರು ಯಾವಾಗ ಬರಬಹುದೆಂಬ ಅಂದಾಜನ್ನು ನಾಲ್ಕು ವಾರಗಳ ಮುಂಚೆಯೇ ಮೊಬೈಲ್ ಸಂದೇಶದಲ್ಲಿ ಕಳಿಸಿತು. ಅದರ ಹಿಂದಿದ್ದದ್ದು ನ್ಯೂರಲ್‌ಜಿಸಿಎಂ, ಎಐಎಫ್‌ಎಸ್ ಮತ್ತು ಹವಾಮಾನ ಇಲಾಖೆಯ 125 ವರ್ಷಗಳ ಮಳೆ ದಾಖಲೆ, ಮೂರನ್ನೂ ಬೆರೆಸಿದ ಲೆಕ್ಕ. ನಡುವಿನ ಆ ನಿಲುಗಡೆ ಅದರಲ್ಲಿ ಮೊದಲೇ ಕಂಡಿತ್ತು, ಸಂದೇಶವನ್ನು ಪರಿಷ್ಕರಿಸಿ ಮತ್ತೆ ಕಳಿಸಲಾಯಿತು. ಒಂದು ವರ್ಷದ ಗೆಲುವನ್ನು ವಿಧಾನದ ಗೆಲುವೆನ್ನಲು ಅವಸರ ಬೇಡ. ಹದಿನಾರು ಅಂಶಗಳ ಮಾದರಿಯೂ ಒಂದು ದಶಕಕ್ಕೂ ಹೆಚ್ಚು ಕಾಲ ಗೆದ್ದಿತ್ತು.

ಪಾವಗಡದ ಶೇಂಗಾ, ಊರೂರಿನ ಮಳೆಮಾಪಕ

ಮುಂದಿನದು ಗೊತ್ತಿಲ್ಲದಿದ್ದರೂ ದತ್ತಾಂಶದಿಂದ ಉಪಯೋಗವುಂಟು. ಗಾಡ್ಗೀಳ್ ಮತ್ತು ಸಂಗಡಿಗರು ತುಮಕೂರು ಜಿಲ್ಲೆಯ ಪಾವಗಡದಲ್ಲಿ ಮಳೆಯಾಶ್ರಿತ ಶೇಂಗಾ ಬೆಳೆಯುವ ರೈತರ ಜೊತೆ ಕುಳಿತು ಈ ಕೆಲಸ ಮಾಡಿದರು. ದಶಕಗಳ ಮಳೆ ದಾಖಲೆಯನ್ನು ಶೇಂಗಾ ಗಿಡ ಬೆಳೆಯುವ ರೀತಿಯ ಮಾದರಿಯೊಂದಕ್ಕೆ ಉಣಿಸಿ, ಒಂದೊಂದು ದಿನಾಂಕಕ್ಕೆ ಬಿತ್ತಿದ್ದರೆ ಹಿಂದಿನ ಪ್ರತಿ ವರ್ಷ ಎಷ್ಟು ಇಳುವರಿ ಬರುತ್ತಿತ್ತು ಎಂದು ಲೆಕ್ಕ ಹಾಕಿದರು. ಬರುವ ವರ್ಷದ ಮಳೆ ಹೇಗಿರುತ್ತದೆ ಎಂಬ ಒಂದು ಮಾತೂ ಅದರಲ್ಲಿಲ್ಲ. ಯಾವ ವಾರಗಳಲ್ಲಿ ಬಿತ್ತಿದರೆ ಬೆಳೆ ಕೈಕೊಡುವ ಸಂಭವ ಕಡಿಮೆ ಎಂಬುದು ಗೊತ್ತಾಗುತ್ತದೆ. ಯಾವ ಪ್ರಶ್ನೆ ಕೇಳಬೇಕೆಂಬುದನ್ನು ರೈತರಿಂದಲೇ ಪಡೆದ ಕಾರಣಕ್ಕೆ ಈ ಕೆಲಸ ಹಲವು ದೊಡ್ಡ ಕಂಪ್ಯೂಟರ್ ಯೋಜನೆಗಳಿಗಿಂತ ಹೆಚ್ಚು ಬೆಲೆಯದು.

ಇಂಥ ಲೆಕ್ಕಕ್ಕೆ ಬೇಕಾದ ಮೂಲ ಸಾಮಗ್ರಿ ಊರಿನ ಮಳೆಯ ದಾಖಲೆ. ಜಾಗತಿಕ ಮಾದರಿಗಳು ಕಲಿಯುವ ದಾಖಲೆಯಲ್ಲಿ ಒಂದು ಚೌಕ ಸುಮಾರು 28 ಕಿಲೊಮೀಟರ್ ಅಗಲ. ಪಶ್ಚಿಮಘಟ್ಟದಲ್ಲಿ ಅಷ್ಟು ದೂರದೊಳಗೆ ಕರಾವಳಿಯ ಮಳೆ, ಘಟ್ಟದ ನೆತ್ತಿಯ ಮಳೆ, ಘಟ್ಟದಾಚೆಯ ಮಳೆನೆರಳು ಮೂರೂ ಬಂದುಹೋಗುತ್ತವೆ. ಅದಲ್ಲದೆ ಆ ದಾಖಲೆಯಲ್ಲಿ ಇರುವ ಮಳೆ ಹೆಚ್ಚಿನ ಕಡೆ ಪಾತ್ರೆಯಲ್ಲಿ ಅಳೆದದ್ದಲ್ಲ, ಮಾದರಿಯೇ ಲೆಕ್ಕ ಹಾಕಿ ತುಂಬಿದ್ದು. ಕರ್ನಾಟಕ ಈ ವಿಷಯದಲ್ಲಿ ಮುಂದಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ, ವರುಣಮಿತ್ರ ಸಹಾಯವಾಣಿಯ ಮೂಲಕ ರೈತರಿಗೆ ಮಾಹಿತಿ ಕೊಡುತ್ತದೆ. ಆದರೆ ಎಲ್ ನಿನೊ ಎರಡರಿಂದ ಏಳು ವರ್ಷಕ್ಕೊಮ್ಮೆ ಬರುವ ಸಂಗತಿಯಾದ್ದರಿಂದ ಈ ಮಾಪಕಗಳ ಅಲ್ಪಕಾಲದ ದಾಖಲೆಯಲ್ಲಿ ಅಂಥ ವರ್ಷಗಳು ಬೆರಳೆಣಿಕೆಯಷ್ಟು. ಪಂಚಾಯಿತಿ ಮಟ್ಟದ ಮಾದರಿಗೆ ಪಾಠ ಹೇಳಲು ಅವು ಸಾಲವು. ಇನ್ನೂ ಎರಡು ಮೂರು ದಶಕ ಮಾಪಕಗಳ ಕೊಳವೆಗೆ ಎಲೆ ಕಸ ಕಟ್ಟಿಕೊಳ್ಳದಂತೆ, ಬ್ಯಾಟರಿ ಸಾಯದಂತೆ ನೋಡಿಕೊಂಡರೆ ಅದಕ್ಕೆ ಸಾಕಾಗುವಷ್ಟು ಉದ್ದದ ದಾಖಲೆ ಸಿದ್ಧವಾಗುತ್ತದೆ.